ಬೇಳೆ ಬೇಯದ ನೀರು

ಆಮ್ಲ ಪ್ರತ್ಯಾಮ್ಲದೊಡನೆ ಕೂಡಿದರೆ ಎರಡೂ ತಮ್ಮ ಗುಣ ಕಳೆದುಕೊಳ್ಳುತ್ತವೆ; ಉಳಿಯುವುದು ಲವಣ ಮತ್ತು ನೀರು. 1980ರ ದಶಕದಲ್ಲಿ ಐ.ಡಿ.ಹಳ್ಳಿಯ ಕಡೆ ಪ್ರೌಢಶಾಲೆ ಓದಿದ ಮಕ್ಕಳ ನೋಟ್‌ಬುಕ್ಕುಗಳಲ್ಲಿ ಈ ವಾಕ್ಯದ ಕೆಳಗೆ ಕೆಂಪು ಶಾಯಿಯ ಎರಡು ಗೆರೆ ಇರುತ್ತಿತ್ತು. ಪಬ್ಲಿಕ್ ಪರೀಕ್ಷೆಗೆ ಬರುವ ಪ್ರಶ್ನೆ ಎಂದು ಅದರ ಗುರುತು. ಒಲೆಯ ಮುಂದೆ, ಬಾವಿಕಟ್ಟೆಯಲ್ಲಿ, ಹೊಲದಲ್ಲಿ, ಕೆರೆಯ ಕೆಳಗಿನ ಬಯಲಿನಲ್ಲಿ ದಿನವೂ ನಡೆಯುತ್ತಿದ್ದ ಕೆಲಸಗಳನ್ನೇ ಆ ಒಂದು ವಾಕ್ಯ ಹೇಳುತ್ತಿದೆ ಎಂಬುದು ಅವರಲ್ಲಿ ಅನೇಕರಿಗೆ ಹೊಳೆದದ್ದು ಊರು ಬಿಟ್ಟ ಎಷ್ಟೋ ವರ್ಷಗಳ ಮೇಲೆ.

ದಾಖಲೆಗಳಲ್ಲಿ ಊರಿನ ಪೂರ್ತಿ ಹೆಸರು ಇಟಕದಿಬ್ಬನಹಳ್ಳಿ. ಮಧುಗಿರಿ ತಾಲ್ಲೂಕಿನ ಹೋಬಳಿ ಕೇಂದ್ರ. ಆಂಧ್ರದ ಮಡಕಶಿರಾ ಸೀಮೆ ಹತ್ತಿರವೇ ಇರುವುದರಿಂದ ಸಂತೆಯಲ್ಲಿ ಕನ್ನಡ ತೆಲುಗು ಎರಡೂ ಓಡಾಡುತ್ತವೆ. ಉಪ್ಪು ಎಂಬ ಮಾತು ಎರಡು ಭಾಷೆಗೂ ಒಂದೇ. ಕನ್ನಡದವರು ಚೌಳು ಎಂದದ್ದನ್ನು ತೆಲುಗಿನವರು ಚೌಡು ಎನ್ನುತ್ತಾರೆ. ಸುಣ್ಣ ಅಲ್ಲಿ ಸುನ್ನಂ.

ಆಮ್ಲವೆಂದರೆ ಆ ಮಕ್ಕಳಿಗೆ ಮೊದಲು ಗೊತ್ತಿದ್ದದ್ದು ಹುಣಸೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ನಾಲ್ಕೂ ತಾಲ್ಲೂಕುಗಳಲ್ಲಿ ಹೊಲದ ಬದುವಿನ ಮೇಲೆ ಹುಣಸೆ ಮರ ಇದ್ದೇ ಇರುತ್ತದೆ. ತುಮಕೂರಿನ ಮಾರುಕಟ್ಟೆಗೆ ಬೇಸಿಗೆಯಲ್ಲಿ ಹುಣಸೆಹಣ್ಣಿನ ಮೂಟೆ ಬರುವುದು ಈ ಮರಗಳಿಂದ. ಸಂಕ್ರಾಂತಿ ಕಳೆದ ಮೇಲೆ ಹಣ್ಣು ಬಡಿದು, ಸಿಪ್ಪೆ ತೆಗೆದು, ಬೀಜ ಬಿಡಿಸಲು ಹೆಂಗಸರು ಜಗಲಿಯ ಮೇಲೆ ದಿನಗಟ್ಟಲೆ ಕೂರುತ್ತಿದ್ದರು. ಸಂಜೆಯ ಹೊತ್ತಿಗೆ ಬೆರಳ ಸಂದುಗಳು ಬಿರಿದು ಉರಿಯುತ್ತಿದ್ದವು. ಆ ಉರಿ ಟಾರ್ಟಾರಿಕ್ ಆಮ್ಲದ್ದು. ಬೇರೆ ಹಣ್ಣುಗಳು ಮಾಗಿದಂತೆ ಹುಳಿ ಇಳಿಯುತ್ತದೆ. ಹುಣಸೆ ಮಾಗುವಾಗ ಸಕ್ಕರೆ ಏರುತ್ತದೆಯೇ ಹೊರತು ಈ ಆಮ್ಲ ಕರಗಿಹೋಗುವುದಿಲ್ಲ. ಅದರ ಒಂದು ಪಾಲು ಹಣ್ಣಿನಲ್ಲಿರುವ ಪೊಟ್ಯಾಸಿಯಂ ಜೊತೆ ಅರ್ಧ ಕೂಡಿಕೊಂಡು ಆಮ್ಲೀಯ ಲವಣವಾಗಿಯೂ ಇರುತ್ತದೆ. ಅಂದರೆ ಹುಣಸೆ ತೊಳೆಯಲ್ಲಿ ಆಮ್ಲವೂ ಇದೆ, ಲವಣವೂ ಇದೆ.

ಪ್ರತ್ಯಾಮ್ಲವೆಂದರೆ ಸುಣ್ಣ. ಸುಟ್ಟ ಸುಣ್ಣದ ಕಲ್ಲನ್ನು ಮಡಕೆಗೆ ಹಾಕಿ ನೀರು ಸುರಿದರೆ ಒಲೆಯಿಲ್ಲದೆಯೇ ಕೊತಕೊತ ಕುದಿಯುತ್ತದೆ. ಹಬ್ಬದ ಮುಂಚೆ ಗೋಡೆಗೆ ಬಳಿಯಲು ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರ ಅಟ್ಟುತ್ತಿದ್ದರು. ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಇನ್ನೊಂದು ಪ್ರತ್ಯಾಮ್ಲೀಯ ವಸ್ತು ಒಲೆಯ ಬೂದಿ. ಕ್ಷಾರ ಎಂಬ ಹಳೆಯ ಮಾತು ಗಿಡಗಳನ್ನು ಸುಟ್ಟ ಬೂದಿಯಿಂದ ಬಸಿದು ತೆಗೆದ ವಸ್ತುವಿಗೆ ಆಯುರ್ವೇದದಲ್ಲೂ ಸಲ್ಲುತ್ತದೆ. ರೈತರು ಗೊಬ್ಬರದ ಅಂಗಡಿಯಲ್ಲಿ ಕೇಳುವ ಪೊಟ್ಯಾಷ್ ಎಂಬ ಹೆಸರಿನ ಮೂಲವೂ ಪಾತ್ರೆಯಲ್ಲಿ ಬಸಿದ ಬೂದಿಯೇ. ಬೂದಿಯಿಂದ ಪಾತ್ರೆ ತಿಕ್ಕಿದರೆ ಜಿಡ್ಡು ಬಿಡುವುದು ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟಿನಿಂದ.

ಯಾವುದು ಆಮ್ಲ, ಯಾವುದು ಪ್ರತ್ಯಾಮ್ಲ ಎಂದು ತಿಳಿಯಲು ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದ ಬಳಸುತ್ತಾರೆ. ಮನೆಯಲ್ಲಿ ಆ ಕೆಲಸಕ್ಕೆ ಅರಿಶಿನ ಸಾಕು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ಓಕುಳಿ ಅದೇ. ಆ ಕೆಂಪು ನೀರಿಗೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಬಿಳಿ ಅಂಗಿಯ ಮೇಲೆ ಬಿದ್ದ ಸಾರಿನ ಕಲೆಗೆ ಸೋಪು ಹಚ್ಚಿದರೆ ಕೆಂಪಗೆ ತಿರುಗುವುದು, ಒಗೆದಂತೆ ಮರಳಿ ಹಳದಿಯಾಗುವುದು ಎಲ್ಲರ ಮನೆಯಲ್ಲೂ ಕಂಡದ್ದೇ. ಆರತಿ ಎತ್ತುವ ಮನೆಯಲ್ಲಿ ಬೆಳೆದ ಮಗುವಿಗೆ ಸೂಚಕ ಎಂಬ ಪಾಠವನ್ನು ಲಿಟ್ಮಸ್‌ನಿಂದ ಶುರು ಮಾಡುವುದಕ್ಕಿಂತ ಅರಿಶಿನದಿಂದ ಶುರು ಮಾಡುವುದೇ ಸರಿ.

ತರಗತಿಯ ಪ್ರಯೋಗ ಹೀಗೆ ನಡೆಯುತ್ತಿತ್ತು. ಶಂಕುವಿನಾಕಾರದ ಫ್ಲಾಸ್ಕಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ, ಅದಕ್ಕೆ ಎರಡು ಹನಿ ಫಿನಾಫ್ತಲೀನ್. ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೇಲೆ ಬ್ಯೂರೆಟ್ಟಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ. ತಿರುಪನ್ನು ಸಡಿಲಿಸಿ ಹನಿ ಹನಿಯಾಗಿ ಬಿಡುತ್ತ, ಫ್ಲಾಸ್ಕನ್ನು ತಿರುಗಿಸುತ್ತ ಇರಬೇಕು. ಹನಿ ಬಿದ್ದ ಕಡೆ ಬಣ್ಣ ಹೋಗಿ ಮತ್ತೆ ಬರುತ್ತದೆ. ಕೊನೆಗೆ ಒಂದೇ ಒಂದು ಹನಿಗೆ ಗುಲಾಬಿ ಪೂರ್ತಿ ಮಾಯ. ಆ ಹನಿಗಾಗಿ ಮೂವತ್ತು ಮಕ್ಕಳು ಉಸಿರು ಹಿಡಿದು ಮೇಜಿನ ಸುತ್ತ ನಿಂತಿರುತ್ತಿದ್ದರು. ಹಿಂದಿನ ಸಾಲಿನವರು ಬೆಂಚು ಹತ್ತಿರುತ್ತಿದ್ದರು. ಫ್ಲಾಸ್ಕಿನ ತಳ ಮುಟ್ಟಿದರೆ ಬೆಚ್ಚಗೆ. ಆಮೇಲೆ ಬಣ್ಣ ಕಟ್ಟುವ ಔಷಧಿ ಹಾಕದೆ ಅಷ್ಟಷ್ಟೇ ಅಳತೆಯಲ್ಲಿ ಎರಡನ್ನೂ ಬೆರೆಸಿ, ಪಿಂಗಾಣಿ ಬಟ್ಟಲಿಗೆ ಸುರಿದು, ಸ್ಪಿರಿಟ್ ದೀಪದ ಮೇಲೆ ಇಡುತ್ತಿದ್ದರು. ನೀರು ಆರಿದಂತೆ ಬಟ್ಟಲಿನ ಅಂಚಿನಿಂದ ಬಿಳಿಯ ಪೊರೆ ಒಳಕ್ಕೆ ಬೆಳೆಯುತ್ತ ಬರುತ್ತಿತ್ತು. ಅಡುಗೆಯ ಉಪ್ಪು, ಸೋಡಿಯಂ ಕ್ಲೋರೈಡ್. ಚರ್ಮ ಸುಡುವ ಎರಡು ದ್ರಾವಣಗಳಿಂದ ಸಾರಿಗೆ ಹಾಕುವ ವಸ್ತು. ನಾಲಿಗೆಗೆ ಮುಟ್ಟಿಸುವ ಆಸೆ ಎಲ್ಲರಿಗೂ; ಪ್ರಯೋಗಶಾಲೆಯಲ್ಲಿ ಏನನ್ನೂ ರುಚಿ ನೋಡಬಾರದೆಂಬ ಕಟ್ಟಳೆ ಅದನ್ನು ತಡೆಯುತ್ತಿತ್ತು.

ಒಳಗೆ ನಡೆದದ್ದೇನು ಎಂಬುದಕ್ಕೆ ಉತ್ತರ ಕೊಟ್ಟವರು ಸ್ವೀಡನ್ನಿನ ಸ್ವಾಂಟೆ ಅರ್ಹೀನಿಯಸ್. ಲವಣ, ಆಮ್ಲ, ಪ್ರತ್ಯಾಮ್ಲಗಳು ನೀರಿನಲ್ಲಿ ವಿದ್ಯುದಂಶ ಹೊತ್ತ ಅಯಾನುಗಳಾಗಿ ಬಿಡಿಬಿಡಿಯಾಗುತ್ತವೆ ಎಂದು ಅವರು 1884ರ ತಮ್ಮ ಪ್ರೌಢಪ್ರಬಂಧದಲ್ಲಿ ಮಂಡಿಸಿದಾಗ ಪರೀಕ್ಷಕರಿಗೆ ಅದು ಹಿಡಿಸಲಿಲ್ಲ, ಕೆಳದರ್ಜೆಯ ಅಂಕ ಕೊಟ್ಟರು. ಅದೇ ವಿಚಾರಕ್ಕೆ 1903ರಲ್ಲಿ ನೊಬೆಲ್ ಬಹುಮಾನ ಬಂತು. ಆಮ್ಲ ನೀರಿಗೆ ಹೈಡ್ರೋಜನ್ ಅಯಾನನ್ನು ಬಿಡುತ್ತದೆ, ಪ್ರತ್ಯಾಮ್ಲ ಹೈಡ್ರಾಕ್ಸಿಲ್ ಅಯಾನನ್ನು ಬಿಡುತ್ತದೆ. ಇವೆರಡು ಸಿಕ್ಕ ಕೂಡಲೆ ಸೇರಿ ನೀರಾಗುತ್ತವೆ. ಬಿಸಿ ಹುಟ್ಟುವುದು ಈ ಸೇರುವಿಕೆಯಿಂದ. ಆಮ್ಲದ ಕಡೆಯಿಂದ ಉಳಿದ ಕ್ಲೋರೈಡ್, ಪ್ರತ್ಯಾಮ್ಲದ ಕಡೆಯಿಂದ ಉಳಿದ ಸೋಡಿಯಂ ನೀರಿನಲ್ಲಿ ಸುಮ್ಮನೆ ತೇಲಾಡುತ್ತಿರುತ್ತವೆ. ನೀರು ಆರಿದಾಗಲೇ ಅವು ಒತ್ತೊತ್ತಾಗಿ ಸಾಲು ಕಟ್ಟಿ ಹರಳಾಗುವುದು. ಹಾಗಾಗಿ ಲವಣದ ಹೆಸರಿನಲ್ಲಿ ಎರಡು ಮನೆತನದ ಗುರುತು ಇರುತ್ತದೆ. ಮೊದಲರ್ಧ ಪ್ರತ್ಯಾಮ್ಲದ್ದು, ಎರಡನೆಯದು ಆಮ್ಲದ್ದು. ಹೈಡ್ರೋಕ್ಲೋರಿಕ್ ಆಮ್ಲದಿಂದ ಕ್ಲೋರೈಡುಗಳು, ಗಂಧಕಾಮ್ಲದಿಂದ ಸಲ್ಫೇಟುಗಳು, ನೈಟ್ರಿಕ್ ಆಮ್ಲದಿಂದ ನೈಟ್ರೇಟುಗಳು, ಇಂಗಾಲಾಮ್ಲದಿಂದ ಕಾರ್ಬೊನೇಟು ಮತ್ತು ಬೈಕಾರ್ಬೊನೇಟುಗಳು.

ಪಾಠದಲ್ಲಿ ಉಪ್ಪು ಎನ್ನದೆ ಲವಣ ಎಂದದ್ದಕ್ಕೆ ಕಾರಣ ಇಲ್ಲಿದೆ. ಅಡುಗೆಯ ಉಪ್ಪು ಸಾವಿರಾರು ಲವಣಗಳಲ್ಲಿ ಒಂದು. ಪಟಿಕ, ಮೈಲುತುತ್ತ, ಅನ್ನಭೇದಿ, ಪೆಟ್ಲುಪ್ಪು, ನವಸಾಗರ, ಅಡುಗೆ ಸೋಡಾ ಎಲ್ಲವೂ ಲವಣಗಳೇ. ಮಧುಗಿರಿಯ ಗ್ರಂಧಿಗೆ ಅಂಗಡಿಯಲ್ಲಿ ಇವನ್ನು ಸಣ್ಣ ಸಣ್ಣ ಡಬ್ಬಗಳಲ್ಲಿಟ್ಟು ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ನೀಲಿ, ತಿಳಿಹಸಿರು, ಬಿಳಿ ಬಣ್ಣದ ಆ ಡಬ್ಬಗಳ ಸಾಲನ್ನು ರಸಾಯನಶಾಸ್ತ್ರದ ಪ್ರದರ್ಶನವೆಂದೇ ಕರೆಯಬಹುದಿತ್ತು. ಅಂಗಡಿಗೆ ಹೋಗುತ್ತಿದ್ದ ಮಕ್ಕಳಿಗೆ ಅದನ್ನು ಹಾಗೆ ತೋರಿಸಿದವರಿರಲಿಲ್ಲ.

ಊರಿನ ನೆಲದಲ್ಲೇ ಹುಟ್ಟುವ ಲವಣ ಚೌಳು. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಈ ಸೀಮೆಯಲ್ಲಿ ಬಂಡೆ ಸವೆದು ಬಿಡುವ ಸೋಡಿಯಂ, ಗಾಳಿಯ ಇಂಗಾಲಾಮ್ಲದ ಜೊತೆ ಕೂಡಿ ನೀರಿನಲ್ಲಿ ಕರಗಿ ತಗ್ಗಿಗೆ ಇಳಿಯುತ್ತದೆ. ಮಳೆ ಚೆನ್ನಾಗಿ ಬೀಳುವ ಮಲೆನಾಡಿನಲ್ಲಾದರೆ ಅದು ಹೊಳೆಗೆ, ಅಲ್ಲಿಂದ ಸಮುದ್ರಕ್ಕೆ ಕೊಚ್ಚಿಹೋಗುತ್ತದೆ. ಇಲ್ಲಿ ಕೆರೆಯ ಕೆಳಗಿನ ಜೌಗಿನಲ್ಲಿ ನಿಂತು, ಬೇಸಿಗೆಯಲ್ಲಿ ನೀರಷ್ಟೇ ಆವಿಯಾಗಿ, ನೆಲದ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿಯ ಪುಡಿ ಉಳಿಯುತ್ತದೆ. ಬರಿಗಾಲಲ್ಲಿ ನಡೆದರೆ ಪುಸ್ಸೆಂದು ಹೂತು ಹಿಮ್ಮಡಿ ಒಡೆಯುತ್ತದೆ. ದನಗಳು ಅಲ್ಲಿ ನಿಂತು ನೆಲ ನೆಕ್ಕುತ್ತವೆ. ಬಟ್ಟೆ ಒಗೆಯುವ ಕಸುಬಿನವರು ಈ ಮಣ್ಣನ್ನು ಗೋರಿ ತಂದು ನೀರಿನಲ್ಲಿ ಕದಡಿ, ಬಟ್ಟೆ ಅದ್ದಿ, ಉಬ್ಬೆ ಹಾಕುತ್ತಿದ್ದರು. ದೊಡ್ಡ ಹಂಡೆಯ ಮೇಲೆ ಬಟ್ಟೆ ಪೇರಿಸಿ ರಾತ್ರಿಯಿಡೀ ಆವಿ ಹಾಯಿಸಿದರೆ ಚೌಳಿನ ಸೋಡಿಯಂ ಕಾರ್ಬೊನೇಟು ಜಿಡ್ಡನ್ನು ಕರಗಿಸಿ ಎತ್ತುತ್ತದೆ. ಅಂಗಡಿಯ ವಾಷಿಂಗ್ ಸೋಡಾ ಇದೇ ವಸ್ತು, ಮಣ್ಣು ಕಳೆದು ಶುದ್ಧವಾದದ್ದು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹಿಂದೆ ಗಾಜಿನ ಬಳೆ ಮಾಡುತ್ತಿದ್ದಾಗ ಬೆಣಚುಕಲ್ಲಿನ ಪುಡಿಯನ್ನು ಕರಗಿಸಲು ಬೆರೆಸುತ್ತಿದ್ದದ್ದೂ ಚೌಳನ್ನೇ.

ಇನ್ನು ಕೆಲವು ಕಡೆ ನೆಲದಲ್ಲಿ ಕಾರ್ಬೊನೇಟಿನ ಬದಲು ಕ್ಲೋರೈಡೇ ಹೆಚ್ಚಿರುತ್ತದೆ. ಅಂಥ ಮಣ್ಣನ್ನು ಗುಡ್ಡೆ ಹಾಕಿ, ಮೇಲಿಂದ ನೀರು ಹನಿಸಿ, ಇಳಿದ ತಿಳಿಯನ್ನು ಗಾರೆ ಹಾಕಿದ ಮಡಿಗಳಲ್ಲಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು. ಸಮುದಾಯದ ಹೆಸರೇ ಆ ಕೆಲಸದಿಂದ ಬಂದದ್ದು. ಕರಾವಳಿಯ ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಸಮುದ್ರದ ನೀರನ್ನು ಆಗರಗಳಿಗೆ ಹಾಯಿಸಿ ತೆಗೆಯುವ ಉಪ್ಪಿಗೂ ಒಳನಾಡಿನ ಈ ಮಣ್ಣುಪ್ಪಿಗೂ ಮೂಲತಃ ವ್ಯತ್ಯಾಸವಿಲ್ಲ. ಎರಡರಲ್ಲೂ ಮುಖ್ಯವಾಗಿರುವುದು ಸೋಡಿಯಂ ಕ್ಲೋರೈಡೇ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದು ಮಾಡಿದ ಉಪ್ಪು ಸಮುದ್ರದ್ದು. ಒಳನಾಡಿನಲ್ಲಿ ಮಣ್ಣಿನಿಂದ ಉಪ್ಪು ತೆಗೆದವರ ಕಥೆ ಇತಿಹಾಸದ ಪುಸ್ತಕಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ. ಇದು ಬೇಸರದ ಸಂಗತಿ. ಮಣ್ಣು ನೆಕ್ಕಿ ರುಚಿಯ ಮೇಲೆ ಚೌಳು ಯಾವುದು, ಉಪ್ಪಿನ ನೆಲ ಯಾವುದು ಎಂದು ಬೇರೆ ಮಾಡುತ್ತಿದ್ದವರು ಎರಡು ಲವಣಗಳ ನಡುವಿನ ವ್ಯತ್ಯಾಸವನ್ನು ಪ್ರಯೋಗಶಾಲೆಯಿಲ್ಲದೆ ಕಂಡುಕೊಂಡವರು.

ಲವಣದ ಪಾಠ ಕಲಿತ ಮಕ್ಕಳು ಎಡವುತ್ತಿದ್ದದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಆಮ್ಲ ಪ್ರತ್ಯಾಮ್ಲ ಕೂಡಿ ತಟಸ್ಥವಾದ ಮೇಲೆ ಹುಟ್ಟಿದ ಲವಣವೂ ತಟಸ್ಥವೇ ಇರಬೇಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಅಡುಗೆಯ ಉಪ್ಪಿನ ನೀರಿಗೆ ಕೆಂಪು ಲಿಟ್ಮಸ್ ಅದ್ದಿದರೆ ಕೆಂಪಾಗಿಯೇ ಉಳಿಯಿತು, ನೀಲಿ ಅದ್ದಿದರೆ ನೀಲಿಯಾಗಿಯೇ ಉಳಿಯಿತು. ಸರಿ. ವಾಷಿಂಗ್ ಸೋಡಾದ ನೀರಿಗೆ ಕೆಂಪು ಕಾಗದ ಅದ್ದಿದರೆ ನೀಲಿಯಾಯಿತು. ಪಟಿಕದ ನೀರಿಗೆ ನೀಲಿ ಕಾಗದ ಅದ್ದಿದರೆ ಕೆಂಪಾಯಿತು. ಮೂರೂ ಲವಣಗಳೇ. ಪ್ರಯೋಗ ತಪ್ಪಿತೆಂದು ಮಕ್ಕಳು ಹೊಸ ಕಾಗದ ಕೇಳುತ್ತಿದ್ದರು.

ಪ್ರಯೋಗ ತಪ್ಪಿರಲಿಲ್ಲ. ಆಮ್ಲಗಳಲ್ಲಿ ಪ್ರಬಲವಾದವು, ದುರ್ಬಲವಾದವು ಎಂಬ ಭೇದವಿದೆ, ಪ್ರತ್ಯಾಮ್ಲಗಳಲ್ಲೂ ಹಾಗೆಯೇ. ಹೈಡ್ರೋಕ್ಲೋರಿಕ್ ಆಮ್ಲ ನೀರಿಗೆ ಬಿದ್ದ ಕೂಡಲೆ ತನ್ನ ಹೈಡ್ರೋಜನ್ ಅಯಾನನ್ನೆಲ್ಲ ಬಿಟ್ಟುಕೊಡುತ್ತದೆ, ಮರಳಿ ಕೇಳುವುದಿಲ್ಲ. ಇಂಗಾಲಾಮ್ಲ ಹಾಗಲ್ಲ, ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದರ ಲವಣವಾದ ಸೋಡಿಯಂ ಕಾರ್ಬೊನೇಟು ನೀರಿನಲ್ಲಿ ಕರಗಿದಾಗ ಕಾರ್ಬೊನೇಟ್ ಅಯಾನು ನೀರಿನಿಂದಲೇ ಹೈಡ್ರೋಜನ್ನನ್ನು ಸೆಳೆದುಕೊಳ್ಳುತ್ತದೆ. ನೀರಿನ ಉಳಿದರ್ಧ, ಅಂದರೆ ಹೈಡ್ರಾಕ್ಸಿಲ್, ಒಂಟಿಯಾಗಿ ಉಳಿದು ದ್ರಾವಣವನ್ನು ಪ್ರತ್ಯಾಮ್ಲೀಯವಾಗಿಸುತ್ತದೆ. ಪ್ರಬಲ ಆಮ್ಲವೂ ದುರ್ಬಲ ಪ್ರತ್ಯಾಮ್ಲವೂ ಕೂಡಿ ಆದ ನವಸಾಗರ, ಪಟಿಕ, ಮೈಲುತುತ್ತಗಳಲ್ಲಿ ಇದು ತಿರುವುಮುರುವು. ಅವುಗಳ ನೀರು ಆಮ್ಲೀಯ. ಎರಡೂ ಕಡೆ ಪ್ರಬಲವಿದ್ದರೆ ಲವಣ ತಟಸ್ಥ. ಇದನ್ನು ಅಂಕಿಯಲ್ಲಿ ಹೇಳಲು ಡೆನ್ಮಾರ್ಕಿನ ಸೊರೆನ್ಸನ್ 1909ರಲ್ಲಿ ಪಿಎಚ್ ಎಂಬ ಅಳತೆಗೋಲನ್ನು ಕೊಟ್ಟರು. ತಟಸ್ಥ ನೀರಿಗೆ 7, ಹುಣಸೆ ಹುಳಿಗೆ 3ರ ಆಸುಪಾಸು, ಸುಣ್ಣದ ತಿಳಿಗೆ 12ಕ್ಕೂ ಮೇಲೆ. ಒಂದೊಂದು ಅಂಕಿಗೂ ಹತ್ತುಪಟ್ಟು ವ್ಯತ್ಯಾಸ.

ಲವಣ ಬಿಡಿಯಾಗಿ ಮತ್ತೆ ಕೂಡುವುದನ್ನು ಕಣ್ಣಾರೆ ಕಾಣಬೇಕಾದರೆ ಕಲಾಯಿ ಹಾಕುವವರು ಊರಿಗೆ ಬರಬೇಕಿತ್ತು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಣಸೆ ಹಾಕಿದ ಸಾರು ಇಟ್ಟರೆ ಕಿಲುಬುತ್ತದೆ. ಆಮ್ಲ ತಾಮ್ರದೊಡನೆ ಕೂಡಿ ಹಸಿರುಮಿಶ್ರಿತ ತಾಮ್ರದ ಲವಣ ಹುಟ್ಟುತ್ತದೆ, ಅದು ವಿಷ. ಹಾಗೆಂದೇ ಪಾತ್ರೆಯ ಒಳಮೈಗೆ ತವರ ಬಳಿಸುತ್ತಿದ್ದರು. ಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ, ಪಾತ್ರೆಯನ್ನು ಇಕ್ಕಳದಿಂದ ಹಿಡಿದು ಕಾಯಿಸುತ್ತಿದ್ದರು. ಪಾತ್ರೆ ಚೆನ್ನಾಗಿ ಕಾದ ಮೇಲೆ ಚಿಟಿಕೆ ನವಸಾಗರ ಎರಚಿ ಅರಳೆಯಿಂದ ಉಜ್ಜಿದರೆ ಗುಪ್ಪೆಂದು ಬಿಳಿ ಹೊಗೆ ಏಳುತ್ತಿತ್ತು, ಮೂಗಿಗೆ ಕಟುವಾಗುತ್ತಿತ್ತು. ಆ ಕ್ಷಣದಲ್ಲೇ ಕಪ್ಪಾಗಿದ್ದ ಒಳಮೈ ತೊಳೆದಂತೆ ಹೊಳೆಯುತ್ತಿತ್ತು. ತವರದ ಕಡ್ಡಿ ಮುಟ್ಟಿಸಿ ಅರಳೆಯಲ್ಲಿ ಸುತ್ತ ಎಳೆದರೆ ಬೆಳ್ಳಿಯ ಕನ್ನಡಿ.

ನವಸಾಗರ ಎಂದರೆ ಅಮೋನಿಯಂ ಕ್ಲೋರೈಡು. ಅಮೋನಿಯಾ ಎಂಬ ಪ್ರತ್ಯಾಮ್ಲವೂ ಹೈಡ್ರೋಕ್ಲೋರಿಕ್ ಆಮ್ಲವೂ ಕೂಡಿ ಆದ ಲವಣ. ಕಾದ ಪಾತ್ರೆಯ ಮೇಲೆ ಬಿದ್ದೊಡನೆ ಅದು ಕರಗುವ ಬದಲು ಒಡೆದು, ಆಮ್ಲ ಒಂದು ಕಡೆ, ಅಮೋನಿಯಾ ಒಂದು ಕಡೆ ಅನಿಲವಾಗುತ್ತವೆ. ಆಮ್ಲ ಲೋಹದ ಮೇಲಿನ ಕಿಟ್ಟವನ್ನು ತಿನ್ನುತ್ತದೆ. ಮಿಕ್ಕ ಆಮ್ಲವೂ ಅಮೋನಿಯಾವೂ ಮೇಲೆ ತಣ್ಣನೆಯ ಗಾಳಿಯಲ್ಲಿ ಮತ್ತೆ ಭೇಟಿಯಾಗಿ ನವಸಾಗರದ ನವಿರು ಪುಡಿಯಾಗುತ್ತವೆ. ಮಕ್ಕಳು ಸುತ್ತ ನಿಂತು ನೋಡುತ್ತಿದ್ದ ಬಿಳಿ ಹೊಗೆ ಅದೇ. ಆಮ್ಲ ಪ್ರತ್ಯಾಮ್ಲ ಕೂಡಿ ಲವಣವಾಗುವ ಪಾಠ ಬರಿಗಣ್ಣಿಗೆ ಕಾಣುವಂತೆ ನಡೆಯುತ್ತಿದ್ದ ಜಾಗ ಆ ಮರದ ನೆರಳು. ಸ್ಟೀಲು ಪಾತ್ರೆ ಬಂದ ಮೇಲೆ ತಿದಿಯ ಸದ್ದು ಅಪರೂಪವಾಯಿತು.

ಹೆಂಗಸರ ಬಾಯಲ್ಲಿ ನೀರಿಗೆ ಎರಡು ಹೆಸರಿತ್ತು: ಬೇಳೆ ಬೇಯುವ ನೀರು, ಬೇಳೆ ಬೇಯದ ನೀರು. ಹೆಣ್ಣು ಕೊಡುವ ಮುಂಚೆ ಆ ಊರಿನ ನೀರು ಎಂಥದ್ದೆಂದು ವಿಚಾರಿಸುವವರೂ ಇದ್ದರು. ಯಾವ ಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಗ ಮೆದುವಾಗುತ್ತದೆ, ಯಾವುದರಲ್ಲಿ ಎಷ್ಟು ಸೌದೆ ಉರಿಸಿದರೂ ಗಟ್ಟಿಯಾಗಿ ಉಳಿಯುತ್ತದೆ ಎಂಬುದು ನೀರು ಹೊರುವವರಿಗೆ ಗೊತ್ತು. ದೂರವಾದರೂ ಸಿಹಿನೀರಿನ ಬಾವಿಗೇ ಹೋಗಿ ಒಂದು ಕೊಡ ಅಡುಗೆಗೆಂದು ಬೇರೆ ತರುತ್ತಿದ್ದರು.

ಬೇಳೆ ಬೇಯದ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚು. ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವಿನೊಡನೆ ಕ್ಯಾಲ್ಸಿಯಂ ಕೂಡಿ ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬಿಗಿ ಸಡಿಲಿ ಬೇಳೆ ಬೇಯುತ್ತದೆ. ಹುಣಸೆಹುಳಿಯನ್ನು ಬೇಳೆ ಬೆಂದ ಮೇಲೆಯೇ ಬೆರೆಸಬೇಕೆಂಬ ಅಡುಗೆಮನೆಯ ಕಟ್ಟಳೆಗೂ ಇಂಥದೇ ಕಾರಣ. ಆಮ್ಲದಲ್ಲಿ ಪೆಕ್ಟಿನ್ ಕರಗದೆ ಬೇಳೆ ಬಿರುಸಾಗಿ ನಿಲ್ಲುತ್ತದೆ. ಬೇಳೆ ಬೇಯದ ಈ ನೀರಿನಲ್ಲಿ ಸೋಪಿನ ನೊರೆಯೂ ಬರುವುದಿಲ್ಲ. ಸೋಪೂ ಒಂದು ಲವಣ, ಎಣ್ಣೆಯಲ್ಲಿನ ಆಮ್ಲಗಳು ಸೋಡಿಯಂ ಹೈಡ್ರಾಕ್ಸೈಡಿನೊಡನೆ ಕೂಡಿ ಆದದ್ದು. ಇಂಥ ಗಡಸು ನೀರಿನಲ್ಲಿ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂತು, ನೀರಿನಲ್ಲಿ ಕರಗದ ಇನ್ನೊಂದು ಲವಣವಾಗಿ ಬಿಳಿ ಗಸಿಯಂತೆ ತೇಲುತ್ತದೆ. ಹಂಡೆಯ ಒಳಗೆ ವರ್ಷವರ್ಷಕ್ಕೂ ದಪ್ಪವಾಗುವ ಬಿಳಿ ಪದರ ಕ್ಯಾಲ್ಸಿಯಂ ಕಾರ್ಬೊನೇಟು. ನೀರಿನಲ್ಲಿ ಕರಗಿದ್ದ ಬೈಕಾರ್ಬೊನೇಟು ಕಾದಾಗ ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಹೀಗೆ ತಳ ಕಟ್ಟುತ್ತದೆ. ಸುಣ್ಣದ ತಿಳಿಗೆ ಹುಲ್ಲುಕಡ್ಡಿಯಿಂದ ಊದಿದರೆ ಮೊದಲು ಹಾಲಿನಂತಾಗಿ, ಊದುತ್ತಲೇ ಇದ್ದರೆ ಮತ್ತೆ ತಿಳಿಯಾಗುವ ಶಾಲೆಯ ಪ್ರಯೋಗ ಇದರದ್ದೇ ಹಿಂದುಮುಂದು.

ಹೊಲದಲ್ಲಿ ಲವಣಗಳಿಗೆ ಗೊಬ್ಬರ, ಔಷಧಿ ಎಂಬ ಹೆಸರು. ಈ ಸೀಮೆಯ ಮಳೆಯಾಶ್ರಯದ ಬೆಳೆ ಕಡಲೆಕಾಯಿ. ಅದರ ಹೂವು ಮೇಲೆ ಅರಳಿ, ಬುಡದಿಂದ ಸೂಜಿಯಂಥ ಎಳೆ ಮಣ್ಣಿಗಿಳಿದು, ತುದಿ ಕಾಯಾಗುತ್ತದೆ. ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನ ಮೂಲಕ ಪಡೆಯದೆ ಸುತ್ತಲ ಮಣ್ಣಿನಿಂದ ತಾನೇ ಹೀರುತ್ತದೆ. ಸಿಗದಿದ್ದರೆ ಕಾಯಿ ಜೊಳ್ಳು. ಅದಕ್ಕೆಂದು ಹೂಬಿಡುವ ಹೊತ್ತಿಗೆ ಎಕರೆಗೆ ಸುಮಾರು 200 ಕಿಲೋ ಜಿಪ್ಸಂ ಹಾಕಿ ಮಣ್ಣು ಏರಿಸಲು ಕೃಷಿ ಇಲಾಖೆಯವರು ಹೇಳುತ್ತಾರೆ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟು. ಚೌಳು ನೆಲವನ್ನು ಸರಿಪಡಿಸಲೂ ಅದೇ. ಚೌಳಿನ ಸೋಡಿಯಂ ಕಾರ್ಬೊನೇಟೂ ಜಿಪ್ಸಂ ಕೂಡ ಜೋಡಿ ಬದಲಿಸಿಕೊಂಡು, ಕ್ಯಾಲ್ಸಿಯಂ ಕಾರ್ಬೊನೇಟು ಮಣ್ಣಿನಲ್ಲೇ ಕರಗದೆ ಉಳಿಯುತ್ತದೆ, ಸೋಡಿಯಂ ಸಲ್ಫೇಟು ನೀರಿನೊಡನೆ ಬಸಿದುಹೋಗುತ್ತದೆ. ಬಸಿಗಾಲುವೆಯಿಲ್ಲದ ಹೊಲದಲ್ಲಿ ಜಿಪ್ಸಂ ಹಾಕಿದರೆ ಆ ಸೋಡಿಯಂ ಸಲ್ಫೇಟು ಹೋಗುವುದೆಲ್ಲಿಗೆ? ಅಂಥ ಕಡೆ ಹಾಕಿದ ದುಡ್ಡು ದಂಡ.

ಅಮೋನಿಯಂ ಸಲ್ಫೇಟು ಆಮ್ಲ ಪ್ರತ್ಯಾಮ್ಲ ನೇರವಾಗಿ ಕೂಡಿ ಆಗುವ ಗೊಬ್ಬರ. ಮೈಸೂರಿನ ಬಳಿಯ ಬೆಳಗೊಳದಲ್ಲಿ 1930ರ ದಶಕದ ಕೊನೆಗೆ ಸ್ಥಾಪನೆಯಾದ ರಾಸಾಯನಿಕ ಗೊಬ್ಬರದ ಕಾರ್ಖಾನೆ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ, ಗಂಧಕಾಮ್ಲದೊಡನೆ ಕೂಡಿಸಿ ಇದನ್ನು ತಯಾರಿಸುತ್ತಿತ್ತು. ಇನ್ನು ಎಲೆತೋಟ, ಅಡಿಕೆತೋಟದವರು ಬಲ್ಲ ಬೋರ್ಡೊ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಆಮ್ಲೀಯ ಲವಣವಾದ್ದರಿಂದ ಬರಿದೇ ಸಿಂಪಡಿಸಿದರೆ ಎಲೆ ಸುಡುತ್ತದೆ; ಸುಣ್ಣ ಅದನ್ನು ತಣಿಸಬೇಕು. ಸಾಕಾಯಿತೇ ಎಂದು ನೋಡಲು ತೋಟದವರು ಉಜ್ಜಿ ಹೊಳಪು ಮಾಡಿದ ಕುಡುಗೋಲನ್ನು ದ್ರಾವಣದಲ್ಲಿ ಅದ್ದಿ ಎತ್ತುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನಷ್ಟು ಸುಣ್ಣದ ನೀರು ಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಈ ದ್ರಾವಣ ಕನ್ನಡ ನಾಡಿನ ತೋಟಗಳಲ್ಲಿ ಬೇರೂರಿತು.

ಇಷ್ಟೆಲ್ಲ ಲವಣಗಳ ನಡುವೆ ಈ ಸೀಮೆಯ ಜನರ ಬದುಕಿಗೆ ಪೆಟ್ಟು ಕೊಟ್ಟದ್ದು ಒಂದು: ಫ್ಲೋರೈಡು. ಹೈಡ್ರೋಫ್ಲೋರಿಕ್ ಆಮ್ಲದ ಮನೆತನಕ್ಕೆ ಸೇರಿದ ಲವಣ. ರಾಮನಗರದಿಂದ ಮಧುಗಿರಿ, ಪಾವಗಡಗಳ ಕಡೆಗೆ ಉತ್ತರಕ್ಕೆ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಬಂಡೆಸಾಲು ಸುಮಾರು 250 ಕೋಟಿ ವರ್ಷ ಹಳೆಯದು. ಅದರೊಳಗಿನ ಅಭ್ರಕ, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರಿನ್ ಅಡಗಿದೆ. ಮಕ್ಕಳು ಕಾಗೆಬಂಗಾರ ಎಂದು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದ ಹೊಳೆಯುವ ಚೂರುಗಳೂ ಅಭ್ರಕವೇ. ಕ್ಯಾಲ್ಸಿಯಂ ಜೊತೆಗಿರುವ ಫ್ಲೋರೈಡು ನೀರಿನಲ್ಲಿ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಆದರೆ ಚೌಳಿಗೆ ಕಾರಣವಾದ ಸೋಡಿಯಂ ಬೈಕಾರ್ಬೊನೇಟು ತುಂಬಿದ ನೀರು ಆ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತರೆ ಅಲ್ಲೂ ಜೋಡಿ ಬದಲಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಾಗಿ ತಳ ಸೇರುತ್ತದೆ. ಫ್ಲೋರೈಡು ಸೋಡಿಯಂ ಪಾಲಾಗಿ ನೀರಿಗಿಳಿಯುತ್ತದೆ.

ತೆರೆದ ಬಾವಿಗಳ ನೀರು ಮಳೆಯದ್ದು, ಹೊಸದು. ಅವು ಬತ್ತಿ, ಕೈಪಂಪು ಬಂದು, ಆಮೇಲೆ ಕೊಳವೆಬಾವಿಗಳು ನೂರಾರು ಅಡಿ ಇಳಿದಂತೆ ಜನ ಕುಡಿದದ್ದು ಬಂಡೆಯೊಳಗಿನ ಹಳೆಯ ನೀರನ್ನು. ಬೋರಿಂಗ್ ನೀರು ತಿಳಿಯಾಗಿತ್ತು, ತಣ್ಣಗಿತ್ತು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ಸಿಗುವುದಿಲ್ಲ. ಚೌಳನ್ನು ನೆಕ್ಕಿ ಗುರುತಿಸಿದವರಿಗೆ, ಬೇಳೆಯಿಂದ ನೀರನ್ನು ಅಳೆದವರಿಗೆ ಇದನ್ನು ಕಂಡುಹಿಡಿಯುವ ದಾರಿಯಿರಲಿಲ್ಲ. ಕಂಡದ್ದು ಮಕ್ಕಳ ಹಲ್ಲಿನಲ್ಲಿ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟಿ. ಹಲ್ಲುಜ್ಜದ ಸೋಮಾರಿ ಎಂದು ಬೈಸಿಕೊಂಡ ಮಕ್ಕಳು ಇಟ್ಟಿಗೆ ಪುಡಿಯಿಂದ ಒಸಡು ಕೀಳುವಂತೆ ತಿಕ್ಕಿದರೂ ಅದು ಹೋಗುತ್ತಿರಲಿಲ್ಲ. ಫೋಟೋಗೆ ನಿಂತಾಗ ಬಾಯಿ ಮುಚ್ಚಿಕೊಂಡೇ ನಗುವ ಅಭ್ಯಾಸ ಒಂದು ತಲೆಮಾರಿಗೇ ಬಂತು. ಆ ಮಕ್ಕಳನ್ನು ಬೈದದ್ದು ಅನ್ಯಾಯ. ಹಲ್ಲಿನ ಹೊರಪದರವೇ ಕ್ಯಾಲ್ಸಿಯಂ ಫಾಸ್ಫೇಟಿನ ಒಂದು ಲವಣ. ಹಲ್ಲು ಒಸಡಿನೊಳಗೆ ಬೆಳೆಯುವ ವರ್ಷಗಳಲ್ಲಿ ಹೆಚ್ಚಿನ ಫ್ಲೋರೈಡು ಹೊಟ್ಟೆ ಸೇರಿದರೆ ಆ ಪದರ ಸರಿಯಾಗಿ ಕಟ್ಟಿಕೊಳ್ಳದೆ ಕಲೆ ಒಳಗಿನಿಂದಲೇ ಬರುತ್ತದೆ. ದೊಡ್ಡವರಲ್ಲಿ ಅದು ಮೂಳೆಗೆ ಸೇರಿ ಬೆನ್ನು, ಮಂಡಿ ಬಿಗಿಯುತ್ತದೆ. ನೆಲದ ಮೇಲೆ ಕೂತವರು ಕೈಯೂರದೆ ಏಳಲಾರರು. ಭಾರತದಲ್ಲಿ ಈ ರೋಗವನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ.

ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಹೆಚ್ಚಿದ್ದನ್ನು ಇಳಿಸಲು ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಬಳಸುವುದು ಮತ್ತದೇ ಪರಿಚಿತ ವಸ್ತುಗಳನ್ನು: ಪಟಿಕ ಮತ್ತು ಸುಣ್ಣ. ಆಮ್ಲೀಯ ಲವಣವೂ ಪ್ರತ್ಯಾಮ್ಲವೂ ನೀರಿನಲ್ಲಿ ಕೂಡಿದಾಗ ಹುಟ್ಟುವ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಬಿಳಿ ಹತ್ತಿಯಂಥ ಗಸಿ ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಅಳತೆ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲೇ ಉಳಿಯುವುದರಿಂದ ಮನೆಯಲ್ಲಿ ಅಂದಾಜಿನ ಮೇಲೆ ಮಾಡುವ ಕೆಲಸವಲ್ಲ. ಈಗ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಬಂದಿವೆ. ಪಾವಗಡದ ಕಡೆಗೆ ತುಂಗಭದ್ರಾ ಹಿನ್ನೀರನ್ನು ಕುಡಿಯಲು ತರುವ ಯೋಜನೆಯೂ ಆಗಿದೆ. ಎಲ್ಲಕ್ಕಿಂತ ಹಳೆಯದು, ಸುಲಭವಾದದ್ದು ಚಾವಣಿಯ ಮಳೆನೀರು. ಅದು ಬಂಡೆಯನ್ನು ಮುಟ್ಟಿರುವುದಿಲ್ಲ. ಅದರಲ್ಲಿ ಬೇಳೆಯೂ ಬೇಗ ಬೇಯುತ್ತದೆ.

ಘಟಕ ಕೆಟ್ಟು ನಿಂತ ದಿನ ಬೋರಿಂಗ್ ನೀರನ್ನೇ ಕಾಯಿಸಿ ಆರಿಸಿ ಮಕ್ಕಳಿಗೆ ಕೊಡುವ ಮನೆಗಳು ಇಂದಿಗೂ ಇವೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡು ಹೋಗುವುದಿಲ್ಲ. ಪಿಂಗಾಣಿ ಬಟ್ಟಲಿನಲ್ಲಿ ಉಪ್ಪು ಉಳಿದಂತೆ ಅದು ಪಾತ್ರೆಯಲ್ಲೇ ಉಳಿಯುತ್ತದೆ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.